ನೀರಿಗೆ ಕ್ಷಮೆ ಕೇಳುವ ಹಬ್ಬ

ಈ ಸಲದ ಗೋಡೆ ಪತ್ರಿಕೆಗೆ ನಾನು ದೂರದ ಒಂದು ಹಬ್ಬದ ಬಗ್ಗೆ ಬರೆದಿದ್ದೇನೆ. ಅದು ಥೈಲ್ಯಾಂಡ್ ದೇಶದ ‘ಲೋಯ್ ಕ್ರತೋಂಗ್’. ಸಮಾಜ ಪಾಠದಲ್ಲಿ ಮೇಷ್ಟ್ರು ಹೇಳಿದ ದಿನದಿಂದ ಅದು ನನ್ನ ತಲೆಯಲ್ಲೇ ಕೂತಿದೆ.

ಲೋಯ್ ಅಂದರೆ ತೇಲಿಸುವುದು. ಕ್ರತೋಂಗ್ ಅಂದರೆ ನಮ್ಮ ದೊನ್ನೆಯಂಥದ್ದು. ಅವರ ಪಂಚಾಂಗದ ಹನ್ನೆರಡನೇ ತಿಂಗಳ ಹುಣ್ಣಿಮೆ ರಾತ್ರಿ ಈ ಹಬ್ಬ. 2024ರಲ್ಲಿ ನವೆಂಬರ್ 15ಕ್ಕೆ ಬಂದಿತ್ತು. ನಮ್ಮ ಕಾರ್ತಿಕ ಹುಣ್ಣಿಮೆಯೂ ಅವತ್ತೇ!

ಬಾಳೆಕಂಬವನ್ನು ಬಿಲ್ಲೆಯ ಹಾಗೆ ಕೊಯ್ದು, ಸುತ್ತ ಬಾಳೆಲೆ ಮಡಿಸಿ ತಾವರೆಯಂತೆ ಮಾಡುತ್ತಾರೆ. ಮೇಲೆ ಹೂವು, ಊದುಬತ್ತಿ, ಮೇಣದಬತ್ತಿ ಇಡುತ್ತಾರೆ. ಕೆಲವರು ಚಿಲ್ಲರೆ ಕಾಸು ಇಡುತ್ತಾರೆ. ಕೆಟ್ಟದ್ದೆಲ್ಲ ಹರಿದು ಹೋಗಲಿ ಅಂತ ಉಗುರು, ಕೂದಲಿನ ಚೂರು ಇಡುವವರೂ ಇದ್ದಾರೆ. ನಾನೂ ಒಂದು ಮಾಡಿ ನಮ್ಮ ತೊಟ್ಟಿಯಲ್ಲಿ ಬಿಟ್ಟು ನೋಡಿದೆ. ಬಾಳೆಕಂಬದ ಒಳಗೆ ಗಾಳಿ ತುಂಬಿದ ಗೂಡುಗಳಿರೋದ್ರಿಂದ ಅದು ಮುಳುಗಲೇ ಇಲ್ಲ.

ಥಾಯ್ ಜನ ನೀರಿನ ತಾಯಿಯನ್ನು ‘ಖೋಂಖಾ’ ಎನ್ನುತ್ತಾರೆ. ಅದು ನಮ್ಮ ಗಂಗೆಯ ಹೆಸರೇ. ವರ್ಷವೆಲ್ಲಾ ನಿನ್ನನ್ನು ಬಳಸಿದೆವು, ಕೊಳೆ ಮಾಡಿದೆವು, ಕ್ಷಮಿಸು ಎಂದು ಕೈಮುಗಿದು ದೀಪ ಬಿಡುತ್ತಾರೆ.

ಆದರೆ ಬಿಟ್ಟ ಮೇಲೆ ಏನಾಗುತ್ತದೆ? 2023ರಲ್ಲಿ ಬ್ಯಾಂಕಾಕ್ ಒಂದೇ ನಗರದಲ್ಲಿ ಹಬ್ಬದ ನಂತರ 6 ಲಕ್ಷಕ್ಕೂ ಹೆಚ್ಚು ಕ್ರತೋಂಗ್‌ಗಳನ್ನು ನೀರಿನಿಂದ ಎತ್ತಿದರು. ಬಾಳೆಯದ್ದಾದರೆ ಗೊಬ್ಬರವಾಗುತ್ತದೆ. ಥರ್ಮೋಕೋಲಿನದ್ದು ಕೊಳೆಯುವುದೇ ಇಲ್ಲ. ಮೀನು ತಿನ್ನಲಿ ಅಂತ ಬ್ರೆಡ್ಡಿನಲ್ಲೂ ಮಾಡುತ್ತಾರೆ. ಅದು ಜಾಸ್ತಿಯಾದರೆ ನೀರು ಕೊಳೆತು, ಮೀನಿಗೆ ಉಸಿರಾಡೋಕೇ ಕಷ್ಟ. ಕ್ಷಮೆ ಕೇಳಲು ಹೋಗಿ ಮತ್ತೆ ಕೊಳೆ ಮಾಡಿದಂತಾಯಿತು.

ಇದನ್ನು ನಮ್ಮವ್ವನಿಗೆ ಹೇಳಿದೆ. ನಮ್ಮವ್ವ ಊರಿನ ಕಸ ಗುಡಿಸುವ ಕೆಲಸ ಮಾಡುತ್ತಾಳೆ ಅಂತ ನಿಮಗೆಲ್ಲ ಗೊತ್ತು. ಕೆಲವರು ಅದಕ್ಕೆ ನನ್ನನ್ನು ಆಡಿಕೊಂಡದ್ದೂ ಉಂಟು. ಕೆರೆ ದೀಪೋತ್ಸವದ ಮಾರನೇ ದಿನ ಅವಳು ಮೊಣಕಾಲುದ್ದ ನೀರಿಗಿಳಿದು ಪ್ಲಾಸ್ಟಿಕ್ ಕವರು, ತಟ್ಟೆ ಎಲ್ಲಾ ಎತ್ತುತ್ತಾಳೆ. ಅವ್ವ ಕೇಳಿಸಿಕೊಂಡು, “ಅಲ್ಲೂ ಹಂಗೇನಾ ಮಗಾ? ದೀಪ ಬಿಡೋರು ಊರೆಲ್ಲಾ, ಎತ್ತೋರು ನಾಕೇ ಜನ” ಅಂದಳು.

ಬ್ಯಾಂಕಾಕಿನಲ್ಲಿ ರಾತ್ರಿಯೆಲ್ಲಾ ದೋಣಿ ಮೇಲೆ ನಿಂತು ಕ್ರತೋಂಗ್ ಎತ್ತುವವರ ಮಕ್ಕಳೂ ನನ್ನ ಹಾಗೇ ಶಾಲೆಗೆ ಹೋಗುತ್ತಿರಬಹುದು. ನನಗೆ ಅನ್ನಿಸುತ್ತದೆ, ನೀರಿಗೆ ನಿಜವಾಗಿ ಕ್ಷಮೆ ಕೇಳುವವರು ಅವರೇ. ಬಾಯಲ್ಲಿ ಅಲ್ಲ, ಕೈಯಲ್ಲಿ.

ಗೆಳೆಯರೇ, ದೀಪ ಬಿಡುವುದು ಬೇಡ ಅಂತ ನಾನು ಹೇಳುವುದಿಲ್ಲ. ಅದನ್ನು ನೋಡಲು ನನಗೂ ಇಷ್ಟ. ಈ ಕಾರ್ತಿಕದಲ್ಲಿ ಎಲೆದೊನ್ನೆಯಲ್ಲೇ ಬಿಡೋಣ. ಮಾರನೇ ದಿನ ಬೆಳಿಗ್ಗೆ 6 ಗಂಟೆಗೆ ನಾನು ಬುಟ್ಟಿ ತಗೊಂಡು ಅವ್ವನ ಜೊತೆ ಕೆರೆ ಹತ್ರ ಇರ್ತೀನಿ. ನೀವೂ ಬನ್ನಿ.

— 7ನೇ ತರಗತಿ ವಿದ್ಯಾರ್ಥಿನಿ