ನಡುಗುವವರಿಗೊಂದು ಸಣ್ಣ ವೇಷ

ವಿರಾಟನ ಮಗ ಉತ್ತರಕುಮಾರನಿಗೆ ನಾವು ಅನ್ಯಾಯ ಮಾಡಿದ್ದೇವೆ. ಅಂತಃಪುರದ ಹೆಂಗಳೆಯರ ಮುಂದೆ ಮೀಸೆ ತಿರುವಿ, ಕೌರವರ ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಹಾರಿ ಓಡಿದವನೆಂದು ಅವನನ್ನು ನೋಡಿ ಇಂದಿಗೂ ನಗುತ್ತೇವೆ. ಬಾಯಲ್ಲಿ ಬಡಾಯಿ, ಕಾಲಲ್ಲಿ ನಡುಕ ಇರುವವರಿಗೆಲ್ಲ ಅವನ ಹೆಸರಿಡುತ್ತೇವೆ. ಕುಮಾರವ್ಯಾಸ ಆ ಓಟವನ್ನು ಎಷ್ಟು ರಸವತ್ತಾಗಿ ಕಟ್ಟಿದ್ದಾನೆಂದರೆ, ಆಮೇಲೆ ನಡೆದದ್ದರ ಕಡೆ ನಮ್ಮ ಗಮನವೇ ಹೋಗುವುದಿಲ್ಲ. ಬೃಹನ್ನಳೆಯಾಗಿದ್ದ ಅರ್ಜುನ ಅವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತಂದು ಏನು ಮಾಡಿದ? ನಾಲ್ಕು ಮಾತು ಧೈರ್ಯ ಹೇಳಿದ, ನಿಜ. ಆದರೆ ಬಿಲ್ಲು ಹಿಡಿ ಎನ್ನಲಿಲ್ಲ. ಕುದುರೆಗಳ ವಾಘೆಯನ್ನು ಕೈಗೆ ಕೊಟ್ಟ. ಸಾರಥಿಯಾಗಿ ಕೂತ ಅದೇ ಹುಡುಗ ಭೀಷ್ಮ, ದ್ರೋಣ, ಕರ್ಣರ ಬಾಣಗಳ ನಡುವೆ ರಥ ಓಡಿಸಿಕೊಂಡು ಕಾಳಗ ಮುಗಿಯುವವರೆಗೆ ಅಲ್ಲೇ ಇದ್ದ. ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನೊಡನೆ ಕಾದಾಡಿ ಸತ್ತವನೂ ಅವನೇ. ಸಭೆಯೆದುರು ನಿಂತರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುವವರ ಪಂಗಡಕ್ಕೆ ಸೇರಿದ ನನಗೆ, ಆ ಕಥೆಯಲ್ಲಿ ಓಟಕ್ಕಿಂತ ವಾಘೆಯೇ ಮುಖ್ಯವಾಗಿ ಕಾಣುತ್ತದೆ. ಸಭಾಕಂಪವನ್ನು ನಾವು ಆಯಾ ಮನುಷ್ಯನ ಸ್ವಭಾವದ ಕುಂದೆಂದು ಎಣಿಸಿ, ಅವನಿಗೆ ಧೈರ್ಯದ ಪಾಠ ಹೇಳುತ್ತೇವೆ. ನನಗೆ ಅನ್ನಿಸುವಂತೆ ಅದು ಬಹುಮಟ್ಟಿಗೆ ಏರ್ಪಾಟಿನ ಕುಂದು. ನಡುಗುವವನನ್ನು ಎಲ್ಲಿ, ಯಾರ ಮುಂದೆ, ಯಾವ ಕೆಲಸ ಕೊಟ್ಟು ನಿಲ್ಲಿಸಿದೆವು ಎಂಬುದನ್ನು ಕೇಳದೆ, ಅವನು ಯಾಕೆ ನಡುಗಿದ ಎಂದಷ್ಟೇ ಕೇಳುತ್ತಿದ್ದೇವೆ.

ನಡುಕವನ್ನು ಕಂಡೊಡನೆ ತೀರ್ಪು ಕೊಡುವ ಚಾಳಿ ಬಹಳ ಹಳೆಯದು. ಸಾಕ್ಷಿ ಪುರಾವೆ ಸಿಗದಿದ್ದಾಗ ದೈವದ ಮೇಲೆ ಭಾರ ಹಾಕಿ ನಡೆಸುತ್ತಿದ್ದ ದಿವ್ಯಗಳೆಂಬ ಪರೀಕ್ಷೆಗಳನ್ನು ಧರ್ಮಶಾಸ್ತ್ರಕಾರರು ವಿವರಿಸಿದ್ದಾರೆ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನೂ ಮಿತಾಕ್ಷರದಲ್ಲಿ ದಿವ್ಯಗಳ ಚರ್ಚೆಗೆ ಸಾಕಷ್ಟು ಜಾಗ ಕೊಟ್ಟಿದ್ದಾನೆ. ಅಂಥವುಗಳಲ್ಲಿ ಒಂದು ತಂಡುಲ ದಿವ್ಯ. ಕಳವಿನ ಆಪಾದನೆ ಹೊತ್ತವನು ಉಪವಾಸವಿದ್ದು, ಅಕ್ಕಿಕಾಳು ಅಗಿದು, ಅರಳಿ ಎಲೆಯ ಮೇಲೆ ಉಗುಳಬೇಕು. ಉಗುಳಿದ್ದರಲ್ಲಿ ರಕ್ತ ಕಂಡರೆ, ಅಂಗುಳು ತರಚಿದ್ದರೆ, ಮೈ ನಡುಗಿದರೆ ಅವನೇ ಕಳ್ಳ. ಇದರ ಒಳಗುಟ್ಟು ಈಗ ವೈದ್ಯ ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲೇ ತಿಳಿಯುತ್ತದೆ. ಅಪಾಯ ಎದುರಾಯಿತೆಂದು ಮೈಗೆ ಅನ್ನಿಸಿದರೆ ಅಡ್ರಿನಲಿನ್ ಹರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆಯ ರಕ್ತ ಸ್ನಾಯುಗಳ ಕಡೆ ತಿರುಗುತ್ತದೆ, ಜೊಲ್ಲು ಬತ್ತುತ್ತದೆ. ಬತ್ತಿದ ಬಾಯಲ್ಲಿ ಅಕ್ಕಿ ಅಗಿದರೆ ಅಂಗುಳು ತರಚದೆ ಏನಾದೀತು? ಆದರೆ ಬಾಯಿ ಬತ್ತುವುದು ಕದ್ದವನಿಗೆ ಮಾತ್ರವಲ್ಲ, ಕದಿಯದೆ ಸಿಕ್ಕಿಬಿದ್ದವನಿಗೂ. ಮೈಕಿನ ಮುಂದೆ ನಿಂತವನು ಈ ದಿವ್ಯವನ್ನು ತನ್ನ ಮೇಲೆ ತಾನೇ ನಡೆಸಿಕೊಳ್ಳುತ್ತಾನೆ. ಬಾಯಿ ಒಣಗಿತು, ಕೈ ನಡುಗಿತು, ಆದ್ದರಿಂದ ನಾನು ಇಲ್ಲಿ ನಿಲ್ಲಲು ಲಾಯಕ್ಕಿಲ್ಲ ಎಂದು ತೀರ್ಮಾನಿಸುತ್ತಾನೆ. ಅಲ್ಲಿಂದ ಮುಂದೆ ಅವನ ಅರ್ಧ ಬುದ್ಧಿ ನಡುಕವನ್ನು ಮುಚ್ಚಿಡುವುದಕ್ಕೇ ಖರ್ಚಾಗಿ, ಹೇಳಬೇಕಾದ ವಿಷಯಕ್ಕೆ ಉಳಿದರ್ಧ ಮಾತ್ರ ಸಿಗುತ್ತದೆ.

ವಿಚಿತ್ರವೆಂದರೆ, ಅವನು ಅಷ್ಟು ಕಷ್ಟಪಟ್ಟು ಮುಚ್ಚುವ ನಡುಕ ಎದುರಿಗೆ ಕೂತವರಿಗೆ ಅಷ್ಟಾಗಿ ಕಂಡಿರುವುದೇ ಇಲ್ಲ. ಅಮೆರಿಕದ ಕೆನೆತ್ ಸವಿಟ್ಸ್ಕಿ, ಥಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಂದ ಭಾಷಣ ಮಾಡಿಸಿದರು. ಗಾಬರಿ ಸಹಜ, ಚಿಂತಿಸಬೇಡಿ ಎಂದು ಸಮಾಧಾನ ಹೇಳಿಸಿಕೊಂಡವರಿಗೆ ಅದರಿಂದ ಹೆಚ್ಚೇನೂ ಗಿಟ್ಟಲಿಲ್ಲ. ನಿಮ್ಮ ಗಾಬರಿ ನೀವು ತಿಳಿದಷ್ಟು ಹೊರಗೆ ಕಾಣುವುದಿಲ್ಲ ಎಂಬ ಸಂಗತಿಯನ್ನು ಹೇಳಿಸಿಕೊಂಡವರು ಮಾತ್ರ ಹೆಚ್ಚು ಚೆನ್ನಾಗಿ ಮಾತಾಡಿದರು. ಕೇಳಿದವರೂ ಹಾಗೆಂದೇ ಅಂಕ ಕೊಟ್ಟರು. ಇದನ್ನು ಓದುವಾಗ ನನಗೆ ನೆನಪಾಗುವುದು ಗಾಂಧೀಜಿ. 1891ರ ಜೂನ್‌ನಲ್ಲಿ, ಬ್ಯಾರಿಸ್ಟರ್ ಆಗಿ ಊರಿಗೆ ಹೊರಡುವ ಮುನ್ನ, ಲಂಡನ್ನಿನ ಹಾಲ್ಬರ್ನ್ ರೆಸ್ಟೋರೆಂಟಿನಲ್ಲಿ ಸಸ್ಯಾಹಾರಿ ಗೆಳೆಯರಿಗೆ ಅವರು ಬೀಳ್ಕೊಡುಗೆಯ ಊಟ ಹಾಕಿಸಿದ್ದರು. ಅಂದು ಮೊದಲ ವಾಕ್ಯದಾಚೆ ಹೋಗಲಾಗದೆ ನಗೆಪಾಟಲಾದೆ ಎಂಬರ್ಥದಲ್ಲಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆದರೆ ಆ ಊಟದ ವರದಿಯನ್ನು ಅದೇ ತಿಂಗಳು ಅಚ್ಚುಮಾಡಿದ 'ದಿ ವೆಜಿಟೇರಿಯನ್' ಪತ್ರಿಕೆ ಹೇಳುವುದು ಬೇರೆಯೇ: ಗಾಂಧಿಯವರು ಕೊಂಚ ಅಳುಕಿನಿಂದಲಾದರೂ ಬಹಳ ಸೊಗಸಾಗಿ ಮಾತಾಡಿದರು, ಅತಿಥಿಗಳನ್ನು ಸ್ವಾಗತಿಸಿ, ಸಸ್ಯಾಹಾರಿ ಸಂಘದೊಡನೆ ತಮ್ಮ ನಂಟು ಬೆಳೆದ ಬಗೆಯನ್ನು ವಿವರಿಸಿದರು ಎಂದು. ಸತ್ಯವನ್ನೇ ವ್ರತ ಮಾಡಿಕೊಂಡ ಮನುಷ್ಯ ಸುಳ್ಳು ಬರೆದರೆನ್ನುವಂತಿಲ್ಲ. ಒಳಗಿನಿಂದ ಕಂಡದ್ದನ್ನು ಅವರು ಬರೆದರು, ಹೊರಗಿನಿಂದ ಕಂಡದ್ದನ್ನು ಪತ್ರಿಕೆ ಬರೆಯಿತು.

ಗಾಂಧೀಜಿಯ ಉಳಿದ ಭಾಷಣಗಳನ್ನು ಒಂದರ ಪಕ್ಕ ಒಂದಿಟ್ಟರೆ ನನ್ನ ವಾದಕ್ಕೆ ಇನ್ನೂ ಬಲ ಬರುತ್ತದೆ. ಇಂಗ್ಲೆಂಡಿನ ವೆಂಟ್ನರ್‌ನಲ್ಲಿ ಒಂದು ಹಾಳೆಯಷ್ಟು ಬರೆದುಕೊಂಡಿದ್ದನ್ನು ಓದಲಾಗದೆ ಜೊತೆಗಾರರ ಕೈಗೆ ಕೊಟ್ಟರು. ಮುಂಬೈಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತಾಗ ತಲೆ ಸುತ್ತಿ ಒಂದು ಪ್ರಶ್ನೆಯನ್ನೂ ಕೇಳದೆ ಕೂತು, ಪಡೆದಿದ್ದ ಮೂವತ್ತು ರೂಪಾಯಿ ಫೀಜನ್ನು ಹಿಂದಿರುಗಿಸಿದರು. ಅದೇ ಮನುಷ್ಯ 1893ರಲ್ಲಿ ಪ್ರಿಟೋರಿಯಾದಲ್ಲಿ, ಒಬ್ಬ ಸೇಠರ ಮನೆಯಲ್ಲಿ ಸೇರಿದ್ದ ಭಾರತೀಯ ವರ್ತಕರೆದುರು, ವ್ಯಾಪಾರದಲ್ಲಿ ಸತ್ಯ ಎಂಬ ವಿಷಯದ ಮೇಲೆ ಸರಾಗವಾಗಿ ಮಾತಾಡಿದರು. ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣ ಎಂದು ಅವರು ಕರೆದದ್ದು ಅದನ್ನೇ. ಅಲ್ಲಿಗೆ ಅಂಜಿಕೆ ಕಳೆಯಿತು, ವೀರ ಹುಟ್ಟಿದ ಎಂದು ಜೀವನಚರಿತ್ರೆಕಾರರು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಮೂರೇ ವರ್ಷದ ಮೇಲೆ, 1896ರಲ್ಲಿ, ಮುಂಬೈಯ ಕಾವಸ್‌ಜಿ ಜಹಾಂಗೀರ್ ಸಭಾಂಗಣ ಕಿಕ್ಕಿರಿದಾಗ ಅದೇ ದನಿ ಮತ್ತೆ ನಡುಗಿ ಉಡುಗಿತು. ಗಟ್ಟಿಯಾಗಿ ಓದಿ ಎಂದು ಹಿರಿಯ ನಾಯಕ ಫಿರೋಜ್‌ಶಾ ಮೆಹ್ತಾ ಹುರಿದುಂಬಿಸಿದಷ್ಟೂ ದನಿ ತಗ್ಗುತ್ತ ಹೋಗಿ, ಕೊನೆಗೆ ಭಾಷಣವನ್ನು ದಿನ್‌ಶಾ ವಾಚಾ ಓದಬೇಕಾಯಿತು. ಮನುಷ್ಯ ಒಬ್ಬನೇ, ಬದಲಾದದ್ದು ಕೋಣೆ. ಪ್ರಿಟೋರಿಯಾದ ಮನೆಯಲ್ಲಿ ಜನ ಕಡಿಮೆ, ವಿಷಯ ತನ್ನದೇ, ತೂಗಿ ನೋಡುವ ಘಟಾನುಘಟಿಗಳು ಯಾರೂ ಇರಲಿಲ್ಲ. ಮುಂಬೈಯಲ್ಲಿ ಎಲ್ಲವೂ ತಿರುಗುಮುರುಗಾಗಿತ್ತು.

ಅನುಭವ ಸಾಲದ ತರುಣರ ಮಾತಾಯಿತು, ಪಳಗಿದವರಿಗೆ ಇದು ಅನ್ವಯಿಸದು ಎನ್ನಬಹುದು. ಹಾಗಾದರೆ ರೋಮಿನ ಸಿಸೆರೋನನ್ನು ನೋಡೋಣ. ಭಾಷಣಕಲೆಗೆ ಪಾಠಪುಸ್ತಕ ಬರೆದವನು ಅವನು. ತಾನು ಮಾತು ತೊಡಗುವಾಗಲೆಲ್ಲ ಹೆದರುತ್ತೇನೆಂದು ತಾನೇ ಒಪ್ಪಿಕೊಂಡಿದ್ದಾನೆ. ಕ್ರಿಸ್ತಪೂರ್ವ 52ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಕೊಲೆ ಆಪಾದನೆ ಹೊತ್ತ ಗೆಳೆಯ ಮೈಲೋನ ಪರ ವಾದಿಸಲು ನಿಂತ. ಸುತ್ತ ದಂಡನಾಯಕ ಪಾಂಪೆಯ ಸೈನಿಕರು ಆಯುಧ ಹಿಡಿದು ನಿಂತಿದ್ದರು, ಸತ್ತವನ ಕಡೆಯವರು ಕೂಗೆಬ್ಬಿಸಿದರು. ಸಿಸೆರೋ ತಡವರಿಸಿದ, ಕೇಸು ಸೋತ, ಮೈಲೋ ಗಡೀಪಾರಾಗಿ ಈಗಿನ ಮಾರ್ಸೇಲಿಗೆ ಹೋದ. ಆಮೇಲೆ ಸಿಸೆರೋ ಮನೆಯಲ್ಲಿ ಕೂತು ಭಾಷಣವನ್ನು ತಿದ್ದಿ ತೀಡಿ ಬರೆದು ಕಳಿಸಿದ. ಇದನ್ನು ಅಂದೇ ಆಡಿದ್ದರೆ ನನಗೆ ಇಲ್ಲಿನ ಇಷ್ಟು ರುಚಿಯಾದ ಮೀನು ತಿನ್ನುವ ಯೋಗ ಇರುತ್ತಿರಲಿಲ್ಲ ಎಂದು ಮೈಲೋ ಚಟಾಕಿ ಹಾರಿಸಿದನೆಂದು ಇತಿಹಾಸಕಾರರು ಹೇಳುತ್ತಾರೆ. ಇಷ್ಟು ವರ್ಷ ಸಾವಿರಾರು ಜನರೆದುರು ಗುಡುಗಿದ ಧೈರ್ಯ ಒಂದು ಮಧ್ಯಾಹ್ನದಲ್ಲಿ ಎಲ್ಲಿಗೆ ಹೋಯಿತು? ಧೈರ್ಯವನ್ನು ಮನುಷ್ಯನ ಸ್ವಂತ ಆಸ್ತಿಯೆಂದು ಎಣಿಸುವವರು ಇದಕ್ಕೆ ಉತ್ತರ ಹೇಳಬೇಕು.

ಇಲ್ಲಿ ಜಿರಳೆಗಳನ್ನು ಸಾಕ್ಷಿಗೆ ಕರೆದರೆ ಓದುಗರು ಕ್ಷಮಿಸಬೇಕು. ರಾಬರ್ಟ್ ಜಾಯೋಂಕ್ ಎಂಬ ವಿಜ್ಞಾನಿ 1969ರಲ್ಲಿ ಸಂಗಡಿಗರೊಡನೆ ಜಿರಳೆಗಳ ಓಟ ಏರ್ಪಡಿಸಿದ. ಬೆಳಕಿನಿಂದ ತಪ್ಪಿಸಿಕೊಂಡು ಕತ್ತಲ ಗೂಡು ಸೇರಬೇಕು, ಅಷ್ಟೇ. ಓಣಿಯ ಪಕ್ಕದಲ್ಲಿ ಪಾರದರ್ಶಕ ಪೆಟ್ಟಿಗೆಗಳಲ್ಲಿ ಬೇರೆ ಜಿರಳೆಗಳನ್ನು ಪ್ರೇಕ್ಷಕರಾಗಿ ಕೂರಿಸಿದ. ದಾರಿ ನೇರವಾಗಿದ್ದಾಗ ಪ್ರೇಕ್ಷಕರಿದ್ದರೆ ಜಿರಳೆ ಇನ್ನೂ ವೇಗವಾಗಿ ಓಡಿತು. ತಿರುವು ಹುಡುಕಬೇಕಾದ ದಾರಿಯಲ್ಲಿ ಪ್ರೇಕ್ಷಕರಿದ್ದರೆ ಒಂಟಿಯಾಗಿದ್ದಾಗಿನದಕ್ಕಿಂತ ನಿಧಾನವಾಯಿತು. ಕೈಗೆ ಪಳಗಿದ ಕೆಲಸವನ್ನು ನೋಡುಗರು ಚುರುಕಾಗಿಸುತ್ತಾರೆ, ಪಳಗದ ಕೆಲಸವನ್ನು ಕೆಡಿಸುತ್ತಾರೆ. ಜಿರಳೆಗೆ ಆತ್ಮವಿಶ್ವಾಸದ ಕೊರತೆ, ಬಾಲ್ಯದ ಕೀಳರಿಮೆ ಇತ್ಯಾದಿ ಇರುವಂತೆ ಕಾಣುವುದಿಲ್ಲವಾದ್ದರಿಂದ ನನಗೆ ಈ ಸಾಕ್ಷ್ಯ ಬಹಳ ಇಷ್ಟ. ಇದರಿಂದ ಹೊರಡುವ ಬುದ್ಧಿವಾದವೂ ಸರಳ. ಹೊಸಬನಿಗೆ ಮೊದಲು ನೇರ ದಾರಿಯ ಕೆಲಸ ಕೊಡಿ, ನೋಡುಗರು ಆದಷ್ಟು ಕಡಿಮೆ ನೋಡುತ್ತಿರುವ ಹೊತ್ತಿನಲ್ಲಿ ಕೊಡಿ.

ನಮ್ಮ ಕರಾವಳಿಯ ಯಕ್ಷಗಾನ ಮೇಳಗಳು ಇದನ್ನು ಯಾವ ಪ್ರಯೋಗಶಾಲೆಯ ಹಂಗೂ ಇಲ್ಲದೆ ಕಂಡುಕೊಂಡಿದ್ದವು. ಇಡೀ ರಾತ್ರಿಯ ಬಯಲಾಟದಲ್ಲಿ ಪ್ರಸಂಗ ತೊಡಗುವ ಮುನ್ನ ಪೂರ್ವರಂಗ ಇರುತ್ತದೆ. ಚೌಕಿಯಲ್ಲಿ ಗಣಪತಿ ಪೂಜೆ ಮುಗಿದು, ಚೆಂಡೆಯ ಸದ್ದು ಊರಿಗೆಲ್ಲ ಕೇಳಿದ ಮೇಲೆ ಕೋಡಂಗಿಗಳು ಬರುತ್ತಾರೆ, ಬಾಲಗೋಪಾಲರು ಬರುತ್ತಾರೆ, ಸ್ತ್ರೀವೇಷ ಕುಣಿಯುತ್ತದೆ. ಈ ವೇಷಗಳನ್ನು ಕಟ್ಟುವವರು ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು. ಆ ಹೊತ್ತಿಗೆ ಪ್ರೇಕ್ಷಕರು ಇನ್ನೂ ಊಟ ಮುಗಿಸಿ ಬರುತ್ತಿರುತ್ತಾರೆ, ಬಂದವರು ಚಾಪೆ ಹಾಸುತ್ತಿರುತ್ತಾರೆ, ಮಕ್ಕಳು ಚುರುಮುರಿಗೆ ಹಟ ಹಿಡಿದಿರುತ್ತಾರೆ. ಕೋಡಂಗಿಯ ಹೆಜ್ಜೆ ತಪ್ಪಿದರೆ ಯಾರ ಗಮನಕ್ಕೂ ಬಾರದು. ಬಂದರೂ ಕೋಡಂಗಿಯೇ ತಾನೆ, ನಗೆಗೆ ಅದೂ ಸೇರಿಹೋಗುತ್ತದೆ. ಮಾತಿನ ಹೊರೆ ಇಲ್ಲ, ಭಾಗವತರ ಹಾಡು ಹಿಂದೆ ಆಸರೆಯಾಗಿರುತ್ತದೆ, ಕುಣಿತ ಕಲಿತದ್ದೇ. ಬಣ್ಣ, ಬೆಳಕು, ಎದುರಿನ ಕಣ್ಣುಗಳು ಮಾತ್ರ ನಿಜವಾದವು. ಹೀಗೆ ರಾತ್ರಿಗಟ್ಟಲೆ ಕುಣಿದವನು ಮೆಲ್ಲಗೆ ಸಣ್ಣಪುಟ್ಟ ಪಾತ್ರಗಳಿಗೆ, ಪುಂಡುವೇಷಕ್ಕೆ, ಮುಂದೆ ರಾಜವೇಷಕ್ಕೆ ಏರುತ್ತಿದ್ದ. ಅಷ್ಟು ಹೊತ್ತಿಗೆ ಪದ್ಯಕ್ಕೆ ಆಶುವಾಗಿ ಅರ್ಥ ಹೇಳಬೇಕಾದ, ಎದುರು ಪಾತ್ರಧಾರಿ ಯಾವ ಕೊಕ್ಕೆ ಹಾಕುತ್ತಾನೋ ತಿಳಿಯದ ನಡುರಾತ್ರಿಯ ರಂಗಸ್ಥಳ ಅವನಿಗೆ ಹೊಸದಾಗಿರುತ್ತಿರಲಿಲ್ಲ. ಈಗ ಕಾಲಮಿತಿಯ ಆಟಗಳು ಹೆಚ್ಚಿವೆ. ಸಮಯ ಉಳಿಸಲು ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಪ್ರೇಕ್ಷಕರಿಗೆ ಅದರಿಂದ ನಷ್ಟವೇನೂ ಇಲ್ಲದಿರಬಹುದು. ಆದರೆ ಪೂರ್ವರಂಗ ಇದ್ದದ್ದು ಪ್ರೇಕ್ಷಕರಿಗಾಗಿ ಮಾತ್ರವೇ ಎಂಬುದು ನನ್ನ ಅನುಮಾನ.

ಮೆಟ್ಟಿಲು ಹತ್ತದೆ ನೇರವಾಗಿ ಉಪ್ಪರಿಗೆಗೆ ನೆಗೆದವರಿಲ್ಲವೇ, ವಿವೇಕಾನಂದರು ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಮಾಡಿದ್ದೇನು ಎಂದು ಇಲ್ಲಿ ಒಬ್ಬರಾದರೂ ಕೇಳುತ್ತಾರೆ. 1893ರ ಸೆಪ್ಟೆಂಬರ್ 11ರಂದು ಅವರೂ ನಡುಗಿದ್ದರು. ಎದೆ ಡವಗುಟ್ಟುತ್ತಿತ್ತು, ನಾಲಿಗೆ ಒಣಗಿತ್ತು, ಬೆಳಗಿನ ಅಧಿವೇಶನದಲ್ಲಿ ಮಾತಾಡುವ ಧೈರ್ಯವೇ ಬರಲಿಲ್ಲ ಎಂಬುದನ್ನು ಅಳಸಿಂಗ ಪೆರುಮಾಳರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಅಳಸಿಂಗರು ಚಿಕ್ಕಮಗಳೂರಿನಲ್ಲಿ ಹುಟ್ಟಿ ಮದರಾಸಿನಲ್ಲಿ ಮೇಷ್ಟರಾಗಿದ್ದವರು, ಸ್ವಾಮೀಜಿಯ ಪಯಣಕ್ಕೆ ಮನೆಮನೆ ತಿರುಗಿ ಹಣ ಕೂಡಿಸಿದವರು. ಸರದಿಯನ್ನು ಮುಂದೂಡುತ್ತ ಹೋಗಿ ಸ್ವಾಮೀಜಿ ಎದ್ದದ್ದು ಮಧ್ಯಾಹ್ನದ ಮೇಲೆ. ಮೊದಲ ಮಾತಿಗೇ ಸಭೆ ಎದ್ದು ನಿಂತದ್ದನ್ನು ಎಲ್ಲರೂ ಹೇಳುತ್ತಾರೆ, ಅದಕ್ಕೆ ಮೊದಲಿನದನ್ನು ಬಿಟ್ಟುಬಿಡುತ್ತಾರೆ. ಅದೇ ವರ್ಷದ ಫೆಬ್ರವರಿಯಲ್ಲಿ ಅವರು ಸಿಕಂದರಾಬಾದಿನ ಮೆಹಬೂಬ್ ಕಾಲೇಜಿನಲ್ಲಿ ಭಾಷಣ ಮಾಡಿದ್ದರು. ಆಗಸ್ಟ್ ಕೊನೆಗೆ ಮ್ಯಾಸಚೂಸೆಟ್ಸಿನ ಆನಿಸ್ಕ್ವಾಮ್ ಎಂಬ ಹಳ್ಳಿಯ ಚರ್ಚಿನಲ್ಲಿ, ಅನಂತರ ಸೇಲಂ ಊರಿನಲ್ಲಿ, ಸೆಪ್ಟೆಂಬರ್ ಮೊದಲ ವಾರ ಸಾರಟೋಗಾದಲ್ಲಿ ಮಾತಾಡಿದ್ದರು. ಪಾಶ್ಚಾತ್ಯ ಕಿವಿಗೆ ತನ್ನ ಮಾತು ಹೇಗೆ ಕೇಳುತ್ತದೆ ಎಂಬುದನ್ನು ಅವರು ಹಳ್ಳಿಯ ಚರ್ಚಿನಲ್ಲೇ ಕಂಡುಕೊಂಡಿದ್ದರು. ಪ್ರತಿಭೆಯನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಅಂಥ ಪ್ರತಿಭೆಗೂ ಪೂರ್ವರಂಗ ಸಿಕ್ಕಿತ್ತು ಎನ್ನುತ್ತಿದ್ದೇನೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಎಷ್ಟು ಮೆಟ್ಟಿಲು ಹಾಕಿಕೊಟ್ಟರೂ ಹತ್ತಲಾಗದವರು ಇರುತ್ತಾರೆ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ರೂಪಿಸಿದ ಒಂದು ಪರೀಕ್ಷೆಯಲ್ಲಿ, ಮುಖದಲ್ಲಿ ಒಂದು ಗೆರೆಯನ್ನೂ ಕದಲಿಸದ ತೀರ್ಪುಗಾರರೆದುರು ಐದು ನಿಮಿಷ ಮಾತಾಡಿ, ಆಮೇಲೆ 1022ರಿಂದ ಹದಿಮೂರು ಹದಿಮೂರನ್ನೇ ಬಾಯಲ್ಲಿ ಕಳೆಯುತ್ತ ಹೋಗಬೇಕು. ಇದನ್ನು ದಿನ ಬಿಡದೆ ಮತ್ತೆ ಮತ್ತೆ ಮಾಡಿಸಿ ನೋಡಿದಾಗ ಹೆಚ್ಚಿನವರ ದೇಹದ ಒತ್ತಡ ಬೇಗ ಇಳಿಯಿತು, ಕೆಲವರದು ಇಳಿಯಲೇ ಇಲ್ಲ. ಅಂಥವರಿಗೆ ಇನ್ನೊಂದು ಸಭೆ ಔಷಧಿಯಲ್ಲ, ವೈದ್ಯರ ನೆರವು ಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಗುಳಿಗೆಗಳೂ ಇವೆ. ಹೃದ್ರೋಗಕ್ಕೆಂದು ಬಂದ ಪ್ರೊಪ್ರನೊಲಾಲ್ ಕೈನಡುಕ ನಿಲ್ಲಿಸುತ್ತದೆಂದು ಪಿಟೀಲು ವಾದಕರು ನುಂಗುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅದನ್ನೇ ನುಂಗಿದ ಪಿಸ್ತೂಲು ಸ್ಪರ್ಧಿಯೊಬ್ಬ ಪದಕ ಕಳೆದುಕೊಂಡ. ಅಸ್ತಮಾ ಇದ್ದವರಿಗೆ ಅಪಾಯಕಾರಿಯಾದ ಈ ಗುಳಿಗೆ ವೈದ್ಯರ ಚೀಟಿಯಿಲ್ಲದೆ ಮುಟ್ಟುವಂಥದ್ದಲ್ಲ. ಅಷ್ಟಕ್ಕೂ ಪಿಟೀಲಿನ ಕಮಾನು ಹಿಡಿದ ಕೈಗೆ ನಡುಕ ತಪ್ಪಿದರೆ ಸಾಕು, ಮಾತಾಡುವವನಿಗೆ ಮಾತೂ ಬೇಕಲ್ಲ!

ಟ್ರಿಯರ್ ಪರೀಕ್ಷೆಯ ವಿವರ ಓದುತ್ತ ನನಗೆ ದಿಗಿಲಾದದ್ದು ಬೇರೆ ಕಾರಣಕ್ಕೆ. ಮನುಷ್ಯನನ್ನು ಆದಷ್ಟು ಬೇಗ ಕಂಗೆಡಿಸಲು ವಿಜ್ಞಾನಿಗಳು ಯೋಚಿಸಿ ಕಟ್ಟಿದ ಏರ್ಪಾಟು, ನಮ್ಮ ಕಚೇರಿಗಳಲ್ಲಿ ಹೊಸಬನ ಮೊದಲ ಪ್ರೆಸೆಂಟೇಶನ್‌ಗೆ ನಾವು ಯೋಚಿಸದೆಯೇ ಕಟ್ಟುವ ಏರ್ಪಾಟಿನ ತದ್ರೂಪು. ತಯಾರಿಗೆ ಪುರಸೊತ್ತಿಲ್ಲ, ಎದುರಿಗೆ ಬಿಗುಮುಖದ ಮೇಲಧಿಕಾರಿಗಳು, ನಡುವೆ ತಟಕ್ಕನೆ ಅಂಕಿ ಅಂಶದ ಪ್ರಶ್ನೆ. ಶಾಲೆಗಳಲ್ಲೂ ಅಷ್ಟೆ, ವರ್ಷವಿಡೀ ಬಾಯಿ ಮುಚ್ಚಿಸಿ ಕೂರಿಸಿದ ಮಗುವನ್ನು ಆಗಸ್ಟ್ ಹದಿನೈದರಂದು ಮೈಕಿನ ಮುಂದೆ ನಿಲ್ಲಿಸುತ್ತೇವೆ. ಹಾಗೆ ನೋಡಿದರೆ, ನಾವು ಗೇಲಿ ಮಾಡುವ ನಮ್ಮ ಸಭೆಗಳ ಕ್ರಮವೇ ಹೆಚ್ಚು ಬುದ್ಧಿವಂತಿಕೆಯದು. ಪ್ರಾರ್ಥನೆ, ಸ್ವಾಗತ, ಪರಿಚಯ, ವಂದನಾರ್ಪಣೆ ಎಂದು ಅಲ್ಲಿ ಎಷ್ಟೊಂದು ಸಣ್ಣ ವೇಷಗಳು! ಅದರಲ್ಲೂ ವಂದನಾರ್ಪಣೆಗೆ ಸಮನಾದದ್ದಿಲ್ಲ. ಹೇಳಬೇಕಾದ ಹೆಸರುಗಳು ಚೀಟಿಯಲ್ಲಿವೆ, ಪದಗಳು ಎಂದೋ ಸಿದ್ಧವಾಗಿವೆ, ಸಭಿಕರ ಮೂಗು ಆಗಲೇ ಉಪ್ಪಿಟ್ಟಿನ ಕಡೆ ತಿರುಗಿದೆ. ಶಾಮಿಯಾನದವರನ್ನು ಮರೆತರೆ ಶಾಮಿಯಾನದವರ ಹೊರತು ಬೇರಾರಿಗೂ ಗೊತ್ತಾಗದು. ಇದನ್ನು ವರ್ಷ ವರ್ಷ ಒಬ್ಬರೇ ಹಿರಿಯ ಕಾರ್ಯದರ್ಶಿಗಳು ಮಾಡುವುದು ನನಗೆ ಸರಿಕಾಣದು; ಅದು ಸಂಘದ ಅತ್ಯಂತ ಅಂಜುಬುರುಕ ಸದಸ್ಯನ ಹಕ್ಕು. ಕಚೇರಿಗಳೂ ಅಷ್ಟು ಮಾಡಲಿ. ಮೊದಲ ಮೂರು ತಿಂಗಳು ಹೊಸಬನಿಗೆ ಇನ್ನೊಬ್ಬರ ಪ್ರೆಸೆಂಟೇಶನ್‌ನ ನಡುವೆ ಒಂದೇ ಒಂದು ಸ್ಲೈಡು ಕೊಡಲಿ, ಅದೂ ಅವನು ಕೈಯಾರೆ ಮಾಡಿದ ಕೆಲಸದ ಸ್ಲೈಡು, ಕಾಫಿ ಹಂಚುತ್ತಿರುವ ಹೊತ್ತಿನಲ್ಲಿ. ಸದ್ದು ಮಾಡಬೇಡಿ ಎಂದು ಕಾಫಿ ತಂದವನನ್ನು ಯಾರೂ ಗದರಬಾರದು.