ಕೇಳುವುದನ್ನು ಕಲಿಯಲು ಚೆನ್ನೈಗೆ

ಮಂಗಳೂರಿನಿಂದ ಮಧ್ಯಾಹ್ನ ಹೊರಡುವ ಚೆನ್ನೈ ಮೈಲ್ ನಮ್ಮ ಕಡೆಯವರಿಗೆ ಹೊಸದಲ್ಲ. ಮದುವೆ ಸೀರೆಗೆಂದೋ, ಕಣ್ಣಿನ ಆಪರೇಷನ್‌ಗೆಂದೋ, ವ್ಯಾಪಾರದ ಸರಕಿಗೆಂದೋ ಅದರಲ್ಲಿ ಹೋಗಿ ಬಂದವರು ಪ್ರತಿ ಮೊಹಲ್ಲಾದಲ್ಲೂ ಸಿಗುತ್ತಾರೆ. ನಾನು ಹೋದದ್ದು ತಮ್ಮನ ಮಗಳ ಜೊತೆಗೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ ಅವಳು ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತ ಸಮಾಲೋಚಕಿಯಾಗಿ ಸೇರಿದ್ದಳು. ಕೇಂದ್ರದವರು ಅವಳನ್ನು ತರಬೇತಿಗೆಂದು ಚೆನ್ನೈಗೆ ಕಳುಹಿಸಿದರು. "ನಾನೊಬ್ಬಳೇ ಹೋಗಬಲ್ಲೆ ಮಾಮಿ" ಎಂದಳು. ಅದು ನಿಜವೇ ಆಗಿತ್ತು. ಆದರೆ ಅವಳ ಉಮ್ಮ ಏನೂ ಹೇಳದೆ ನನ್ನ ಮುಖ ನೋಡಿದಳು. ನಾನು ಚೀಲ ಕಟ್ಟಿದೆ.

ಕುಟುಂಬದಲ್ಲಿ ಈ ಕೆಲಸದ ಬಗ್ಗೆ ಮಾತು ಬಾರದಿರಲಿಲ್ಲ. ಕುಡುಕರ ನಡುವೆ ಹೆಣ್ಣುಮಗಳಿಗೇನು ಕೆಲಸ ಎಂದು ಒಬ್ಬರು. ಕುಡಿಯಬೇಡ ಎಂದು ಬುದ್ಧಿ ಹೇಳುವುದಕ್ಕೂ ತರಬೇತಿ ಬೇಕೇ ಎಂದು ಇನ್ನೊಬ್ಬರು. ಎರಡನೆಯ ಪ್ರಶ್ನೆ ನನ್ನದೂ ಆಗಿತ್ತು ಎಂದು ಒಪ್ಪಿಕೊಳ್ಳಲೇಬೇಕು. ಬುದ್ಧಿ ಹೇಳುವುದರಲ್ಲಿ ನಮ್ಮ ಮನೆಯವರು ಯಾರಿಗೂ ಕಡಿಮೆಯಲ್ಲ.

ಬೆಳಗಿನ ಜಾವ ಸೆಂಟ್ರಲ್ ನಿಲ್ದಾಣದಲ್ಲಿ ಇಳಿದು, ಎದುರಿನ ಪಾರ್ಕ್ ಟೌನ್ ನಿಲ್ದಾಣದಿಂದ ಮೇಲ್ಸೇತುವೆಯ ರೈಲು ಹಿಡಿದೆವು. ಬಕಿಂಗ್‌ಹ್ಯಾಮ್ ಕಾಲುವೆಯ ಗುಂಟ ಸಾಗುವ ಈ ರೈಲಿನ ನಿಲ್ದಾಣಗಳು ಅರಮನೆಯಷ್ಟು ದೊಡ್ಡವು, ಜನ ಮಾತ್ರ ಕಡಿಮೆ. ನಮ್ಮ ದೂರದ ಸಂಬಂಧಿಕರ ಮನೆ ಇದ್ದದ್ದು ತಿರುವಲ್ಲಿಕ್ಕೇಣಿಯಲ್ಲಿ, ವಾಲಾಜಾ ಮಸೀದಿಯ ಹಿಂದಿನ ಗಲ್ಲಿಯಲ್ಲಿ. ಆರ್ಕಾಟಿನ ನವಾಬರ ಮನೆತನದವರು 1795ರಲ್ಲಿ ಕಟ್ಟಿಸಿದ ಮಸೀದಿ ಅದು. ಮರ, ಕಬ್ಬಿಣ ಬಳಸದೆ ಬರೀ ಕಲ್ಲಿನಿಂದ ಕಟ್ಟಿದ್ದೆಂದು ಹೇಳುತ್ತಾರೆ. ಎದುರಿನ ಬಯಲಿನಲ್ಲಿ ಸಂಜೆ ಹುಡುಗರು ಆಡುತ್ತಾರೆ, ಪಾರಿವಾಳಗಳು ಕಾಳು ಹೆಕ್ಕುತ್ತವೆ. ಅಲ್ಲಿ ಕುಳಿತೇ ನಾನು ಹುಡುಗಿಯ ನೋಟ್‌ಬುಕ್ ಓದಿದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ತರಬೇತಿ ನಡೆಯುತ್ತಿದ್ದದ್ದು ಅಡ್ಯಾರ್ ಸಮೀಪದ ಇಂದಿರಾನಗರದಲ್ಲಿ, ಟಿ.ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್‌ನಲ್ಲಿ. ಊರಿನವರಿಗೆ ಅದು ಟಿ.ಟಿ.ಕೆ. ಆಸ್ಪತ್ರೆ. ಈ ಹೆಸರನ್ನು ಎಲ್ಲೋ ಕೇಳಿದಂತಿದೆಯಲ್ಲ ಎಂದು ನಿಮಗನ್ನಿಸಿದರೆ ಅಡುಗೆಮನೆಗೆ ಹೋಗಿ ನೋಡಿ. ಪ್ರೆಸ್ಟೀಜ್ ಕುಕ್ಕರ್ ತಯಾರಿಸುವ ಟಿ.ಟಿ.ಕೆ. ಮನೆತನವೇ ಇದು. ಹಿಂದೆ ಕೇಂದ್ರ ಹಣಕಾಸು ಸಚಿವರಾಗಿದ್ದ ಟಿ.ಟಿ. ಕೃಷ್ಣಮಾಚಾರಿ ಸ್ಥಾಪಿಸಿದ ಉದ್ಯಮ. ಅವರ ಮೊಮ್ಮಗ ರಂಗನಾಥನ್ ಕುಡಿತದ ವ್ಯಸನದಿಂದ 1979ರಲ್ಲಿ ತೀರಿಕೊಂಡರು, ಎಳೆಯ ಪ್ರಾಯದಲ್ಲೇ. ಹಣಕ್ಕೇನೂ ಕೊರತೆಯಿಲ್ಲದ ಮನೆ, ವೈದ್ಯರಿಗೂ ಕೊರತೆಯಿಲ್ಲ. ಇಲ್ಲದ್ದು ಈ ಕಾಯಿಲೆಯನ್ನು ಕಾಯಿಲೆಯೆಂದು ತಿಳಿದು ಚಿಕಿತ್ಸೆ ಮಾಡಬಲ್ಲ ಜಾಗ. ಅವರ ಪತ್ನಿ ಶಾಂತಿ ರಂಗನಾಥನ್ ಮನೆಯೊಳಗೆ ಕುಳಿತು ಅಳಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಮರುವರ್ಷ, 1980ರಲ್ಲಿ, ಗಂಡನ ಹೆಸರಿನಲ್ಲೇ ಈ ಸಂಸ್ಥೆಯನ್ನು ಆರಂಭಿಸಿದರು. ಅಮೆರಿಕಕ್ಕೆ ಹೋಗಿ ಈ ವಿದ್ಯೆಯನ್ನು ತಾವೇ ಕಲಿತರು. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು, 1999ರಲ್ಲಿ ವಿಶ್ವಸಂಸ್ಥೆಯ ವಿಯೆನ್ನಾ ನಾಗರಿಕ ಸಮಾಜ ಪ್ರಶಸ್ತಿ.

ನನ್ನನ್ನು ತಟ್ಟಿದ್ದು ಪ್ರಶಸ್ತಿಗಳಲ್ಲ. ಗಂಡ ಕುಡಿದು ಸತ್ತ ಎಂಬುದನ್ನು ಆಕೆ ಬಚ್ಚಿಡಲಿಲ್ಲ, ಬಾಗಿಲ ಮೇಲಿನ ಫಲಕದಲ್ಲೇ ಅವನ ಹೆಸರು ಬರೆಸಿದರು. ನಾವು?

ನನ್ನ ತಮ್ಮ ತೀರಿಕೊಂಡದ್ದು 2009ರಲ್ಲಿ. ಹೃದಯಾಘಾತ ಎಂದು ಎಲ್ಲರಿಗೂ ಹೇಳಿದೆವು. ಅವನ ಮಗಳಿಗೂ ಹಾಗೆಯೇ ಹೇಳಿದೆವು. ಆಗ ಅವಳಿಗೆ ಎಂಟು ವರ್ಷ. ನಿಜವೆಂದರೆ, ನಮ್ಮವರಲ್ಲಿ ಕುಡಿತ ಇಲ್ಲ ಎಂಬ ಮಾತನ್ನು ಉಳಿಸಿಕೊಳ್ಳಲು ನಾವು ಆರು ವರ್ಷ ಹೆಣಗಿದ್ದೆವು. ಬಸ್ ನಿಲ್ದಾಣದ ಗೋಡೆಯ ಮೇಲಿನ ಜಾಹೀರಾತು ನೋಡಿ, ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡುವ ಪುಡಿ ತರಿಸಿದೆವು. ಚಹಾಕ್ಕೆ ಬೆರೆಸಿದವಳು ನಾನೇ. ಕೊನೆಗೆ ದೂರದ ಊರಿನ ಒಂದು ಕೇಂದ್ರಕ್ಕೆ ಅವನನ್ನು ಬಲವಂತವಾಗಿ ಒಯ್ದು ಬಿಟ್ಟೆವು. ಅಲ್ಲಿ ವೈದ್ಯರಿರಲಿಲ್ಲ. ಫೋನ್ ಕೂಡದು, ಭೇಟಿ ಕೂಡದು, ಕೋಣೆಗೆ ಹೊರಗಿನಿಂದ ಬೀಗ. ಮೂರನೆಯ ರಾತ್ರಿ ಅವನಿಗೆ ಫಿಟ್ಸ್ ಬಂತಂತೆ. ಬೆಳಿಗ್ಗೆ ನಮಗೆ ಸುದ್ದಿ ಬಂತು.

ಈಗ ನೋಟ್‌ಬುಕ್ಕಿನ ವಿಷಯ. ಸಂಜೆ ಮಗ್ರಿಬ್‌ಗೆ ಮೊದಲು ಅವಳು ಬಂದು ಚಹಾ ಕುಡಿದು ಮಲಗಿಬಿಡುತ್ತಿದ್ದಳು, ಅಷ್ಟು ದಣಿವು. ಪುಸ್ತಕ ನನ್ನ ಕೈಗೆ ಕೊಡುತ್ತಿದ್ದಳು. ಮೊದಲ ದಿನದ ಪುಟಗಳಲ್ಲೇ ನನ್ನ ತಮ್ಮನ ಮೂರನೆಯ ರಾತ್ರಿ ಇತ್ತು. ಬಹುಕಾಲ ದಿನವೂ ಕುಡಿದ ಶರೀರಕ್ಕೆ ಮದ್ಯ ಏಕಾಏಕಿ ನಿಂತರೆ, ಆರು ಗಂಟೆಯಿಂದ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಗಳ ಹೊತ್ತಿಗೆ ಸನ್ನಿ ಹಿಡಿಯಬಹುದು. ಕೈ ನಡುಕ, ಬೆವರು, ಇಲ್ಲದ್ದನ್ನು ಕಾಣುವುದು, ಹಗಲು ರಾತ್ರಿಯ ಪರಿವೆ ತಪ್ಪುವುದು. ಚಿಕಿತ್ಸೆ ಇಲ್ಲದಿದ್ದರೆ ಸಾವೂ ಸಂಭವಿಸುತ್ತದೆ. ಸಕಾಲದಲ್ಲಿ ಸರಿಯಾದ ಮಾತ್ರೆ ಕೊಟ್ಟು ಗಮನಿಸುತ್ತಿದ್ದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಬಿ-1 ಜೀವಸತ್ವ, ಅಂದರೆ ಥಯಾಮಿನ್, ಕೊಡಬೇಕು. ಗ್ಲೂಕೋಸ್ ಏರಿಸುವುದಕ್ಕೆ ಮೊದಲೇ ಕೊಡಬೇಕು, ಇಲ್ಲವಾದರೆ ಮಿದುಳಿಗೆ ಪೆಟ್ಟಾಗಬಹುದು. ಸಮಾಲೋಚಕಿ ಔಷಧ ಕೊಡುವವಳಲ್ಲ. ಆದರೆ ಯಾರನ್ನು ತಕ್ಷಣ ವೈದ್ಯರ ಬಳಿ ಕಳುಹಿಸಬೇಕೆಂದು ಅವಳಿಗೆ ಗೊತ್ತಿರಲೇಬೇಕು. ಅದಕ್ಕೇ ಇದು ಮೊದಲ ಪಾಠ.

ಆ ಪುಡಿಯ ಉತ್ತರವೂ ಅಲ್ಲೇ ಇತ್ತು. ಕುಡಿತ ಬಿಡಿಸಲು ಡೈಸಲ್ಫಿರಾಮ್ ಎಂಬ ಔಷಧವಿದೆ. ಅದನ್ನು ಸೇವಿಸಿದವನು ಮದ್ಯ ಮುಟ್ಟಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ, ಪ್ರಾಣವೂ ಹೋಗಬಹುದು. ಆದ್ದರಿಂದ ವೈದ್ಯರು ಪರೀಕ್ಷೆ ಮಾಡಿ, ರೋಗಿಗೆ ಎಲ್ಲವನ್ನೂ ತಿಳಿಸಿ, ಅವನು ಒಪ್ಪಿದ ಮೇಲೆಯೇ ಕೊಡುವ ಔಷಧ ಅದು. ಕದ್ದು ಕೊಡುವುದಲ್ಲ. ನಾನು ಚಹಾಕ್ಕೆ ಬೆರೆಸಿದ ಪುಡಿಯಲ್ಲಿ ಏನಿತ್ತೆಂದು ಇವತ್ತಿಗೂ ಗೊತ್ತಿಲ್ಲ. ಇಂತಹ ಪೊಟ್ಟಣ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಎಸೆಯಿರಿ.

ಈ ಕೆಲಸಕ್ಕೆಂದೇ ಒಂದು ಪಠ್ಯಕ್ರಮ ಇದೆಯೆಂಬುದೂ ನನಗೆ ಹೊಸ ಸಂಗತಿ. ಕೊಲಂಬೊದಲ್ಲಿ ಕಚೇರಿಯಿರುವ ಕೊಲಂಬೊ ಪ್ಲಾನ್ ಎಂಬ ಅಂತಾರಾಷ್ಟ್ರೀಯ ಸಂಘಟನೆ ವ್ಯಸನ ಚಿಕಿತ್ಸೆಯ ಕಾರ್ಯಕರ್ತರಿಗಾಗಿ ರೂಪಿಸಿದ ಪಾಠಗಳಲ್ಲಿ ಮೊದಲ ಹಂತಕ್ಕೇ 8 ವಿಷಯಗಳಿದ್ದವು. ಅಮಲು ಪದಾರ್ಥ ಮಿದುಳಿನಲ್ಲಿ ಮಾಡುವ ಬದಲಾವಣೆಯಿಂದ ಹಿಡಿದು, ಜೊತೆಗಿರುವ ಮನೋರೋಗಗಳನ್ನು ಗುರುತಿಸುವುದು, ಬಿಕ್ಕಟ್ಟಿನ ಹೊತ್ತಿನಲ್ಲಿ ನಡೆದುಕೊಳ್ಳುವುದು, ದಾಖಲೆ ಇಡುವುದು, ಕೊನೆಗೆ ವೃತ್ತಿಯ ನೀತಿ. ರೋಗಿಯ ಗುಟ್ಟು ಹೊರಗೆ ಹೋಗಕೂಡದು, ಅವನಿಂದ ಉಡುಗೊರೆ ತೆಗೆದುಕೊಳ್ಳಕೂಡದು, ಸಾಲ ಕೊಡಕೂಡದು. ಇದೆಲ್ಲ ಇಲ್ಲದೆ ಬರೀ ಒಳ್ಳೆಯ ಮನಸ್ಸಿನಿಂದ ನಡೆಯುವ ಕೇಂದ್ರಗಳೂ ನಮ್ಮಲ್ಲಿವೆ. ಒಳ್ಳೆಯ ಮನಸ್ಸು ನಮ್ಮ ಮನೆಯಲ್ಲೂ ಇತ್ತು.

ಆದರೆ ಹುಡುಗಿಗೆ ಕಷ್ಟವಾದದ್ದು ಔಷಧದ ಹೆಸರುಗಳಲ್ಲ, ಬಾಯಿ ಮುಚ್ಚಿ ಕುಳಿತುಕೊಳ್ಳುವುದು. ಒಬ್ಬರು ವ್ಯಸನಿಯ ಪಾತ್ರ ಮಾಡುತ್ತಾರೆ, ಇನ್ನೊಬ್ಬರು ಸಮಾಲೋಚಕರಾಗುತ್ತಾರೆ, ಮೂರನೆಯವರು ನೋಡಿ ಬರೆದುಕೊಳ್ಳುತ್ತಾರೆ. ಮೊದಲ ಸಲ ಐದು ನಿಮಿಷದಲ್ಲಿ ಅವಳು ಹನ್ನೊಂದು ಪ್ರಶ್ನೆ ಕೇಳಿ ನಾಲ್ಕು ಉಪದೇಶ ಮಾಡಿದ್ದಳಂತೆ. ಲೆಕ್ಕ ತೋರಿಸಿದಾಗ ಅಳು ಬಂತಂತೆ. "ಹೆಂಡತಿ ಸುಮ್ಮನೆ ದೊಡ್ಡದು ಮಾಡ್ತಾಳೆ, ನಾನೇನು ದಿನಾ ಕುಡಿಯುವವನಲ್ಲ" ಎಂದು ಎದುರಿನವನು ಹೇಳಿದರೆ ನಾವೇನು ಹೇಳುತ್ತೇವೆ? ಹಾಗಾದರೆ ಅವಳೇಕೆ ಅಳುತ್ತಾಳೆ ಎನ್ನುತ್ತೇವೆ. ಅವನು ಇನ್ನಷ್ಟು ವಾದಿಸುತ್ತಾನೆ, ಅಲ್ಲಿಗೆ ಮುಗಿಯಿತು. ಅವಳಿಗೆ ಕಲಿಸಿದ್ದು ಬೇರೆ. "ಈ ಮಾತು ಬಂದಾಗಲೆಲ್ಲ ನಿಮಗೆ ಬೇಸರವಾಗುತ್ತದೆ" ಎಂದಷ್ಟೇ ಹೇಳಿ ಕಾಯಬೇಕು. ಎರಡನೆಯ ದಿನ ಹಾಗೆ ಕಾದಾಗ, ವ್ಯಸನಿಯ ಪಾತ್ರದಲ್ಲಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಸರವಲ್ಲ, ನಾಚಿಕೆ" ಎಂದರಂತೆ. ಅವರು ತಾವೇ ಒಂದು ಕಾಲದಲ್ಲಿ ಕುಡಿದು ಬಿಟ್ಟವರು. ಇದು ಯಾರೋ ಕುಳಿತು ಹೊಳೆಸಿಕೊಂಡ ಜಾಣತನವಲ್ಲ, ಶಾಸ್ತ್ರ. ಅಮೆರಿಕದ ವಿಲಿಯಂ ಮಿಲ್ಲರ್ 1983ರಲ್ಲಿ ಈ ಬಗ್ಗೆ ಬರೆದರು. 1991ರಲ್ಲಿ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಪುಸ್ತಕವನ್ನೇ ತಂದರು. ಬಿಡಬೇಕೆಂಬ ಮಾತು ಕುಡಿಯುವವನ ಬಾಯಿಂದಲೇ ಬರುವಂತೆ ಮಾಡುವುದು ಅದರ ತಿರುಳು.

ವಾರ್ಡಿನೊಳಗೆ ನನಗೆ ಪ್ರವೇಶವಿರಲಿಲ್ಲ, ಇರಬೇಕಾದದ್ದೂ ಇಲ್ಲ. ಒಂದು ಸಂಜೆ ಇಂದಿರಾನಗರ ನಿಲ್ದಾಣದ ಬೆಂಚಿನ ಮೇಲೆ ಹುಡುಗಿಗಾಗಿ ಕಾಯುತ್ತಿದ್ದಾಗ ಪಕ್ಕದಲ್ಲಿ ಬುರ್ಖಾ ತೊಟ್ಟ ಹೆಂಗಸೊಬ್ಬಳು ಬಂದು ಕುಳಿತಳು. ಆಂಬೂರಿನ ಕಡೆಯವಳು, ಮನೆಮಾತು ಉರ್ದು. ಗಂಡ ಚಿಕಿತ್ಸೆಯಲ್ಲಿದ್ದಾನೆ, ಇದು ಎರಡನೆಯ ಸಲ. "ಊರಲ್ಲಿ ದುಬೈಗೆ ಹೋಗಿದ್ದಾರೆ ಅಂತ ಹೇಳಿದ್ದೇವೆ" ಎಂದಳು. ಇಬ್ಬರಿಗೂ ನಗು ಬಂತು, ಆಮೇಲೆ ನಗು ನಿಂತಿತು. ಮನೆಯವರಿಗೂ ಪ್ರತ್ಯೇಕ ತರಗತಿ ಇದೆಯೆಂದು ಅವಳೇ ಹೇಳಿದಳು. "ಹನ್ನೆರಡು ವರ್ಷದಲ್ಲಿ ಮೊದಲ ಸಲ ಯಾರೋ ನನ್ನನ್ನು, ನೀನು ಹೇಗಿದ್ದೀಯಾ ಅಂತ ಕೇಳಿದರು." ಗಂಡನಿಗೆ ಜ್ವರವೆಂದು ಕಾರ್ಖಾನೆಗೆ ಫೋನ್ ಮಾಡುವುದು, ಅವನ ಸಾಲ ತಾನು ತೀರಿಸುವುದು, ಅವನು ಬಿದ್ದಲ್ಲಿಂದ ಎತ್ತಿ ತಂದು ಮಕ್ಕಳಿಗೆ ಕಾಣದಂತೆ ಮಲಗಿಸುವುದು, ಇವೆಲ್ಲ ಪ್ರೀತಿಯೆಂದು ಅವಳು ತಿಳಿದಿದ್ದಳು. ಇದರಿಂದ ಕುಡಿತಕ್ಕೇ ಅನುಕೂಲವಾಗುತ್ತಿತ್ತು ಎಂದು ಈಗ ತಿಳಿಯಿತಂತೆ. ಮೊದಲ ಚಿಕಿತ್ಸೆಯ ಬಳಿಕ ಗಂಡ ಮತ್ತೆ ಕುಡಿದಾಗ ಎಲ್ಲ ಮುಗಿಯಿತೆಂದುಕೊಂಡಿದ್ದಳು. ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಮತ್ತೆ ಏರಿದರೆ ಮನೆಯಿಂದ ಓಡಿಸುತ್ತೀರಾ ಎಂದು ಸಮಾಲೋಚಕಿ ಕೇಳಿದ್ದಳಂತೆ. ಸಮಾಲೋಚಕಿ ಹೆಂಗಸಾಗಿದ್ದರಿಂದಲೇ ಇಷ್ಟೆಲ್ಲ ಹೇಳಲಾಯಿತು ಎಂದೂ ಅಂದಳು. ಹೆಣ್ಣುಮಗುವಿಗೇನು ಕೆಲಸ ಎಂದವರು ಆ ಬೆಂಚಿನ ಮೇಲೆ ಇರಬೇಕಿತ್ತು.

ಇಂತಹ ಕಡೆಗೆ ತಲುಪುವವರು ಎಷ್ಟು ಮಂದಿ? ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್‌ನವರು ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮನೆಗಳಲ್ಲಿ ಪುಡಿ, ಬೀಗ, ದುಬೈ. ಕಾನೂನು ಮಾತ್ರ ಈಗ ಮೊದಲಿನಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ವ್ಯಸನದ ಚಿಕಿತ್ಸೆಗೂ ಅನ್ವಯಿಸುತ್ತದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. ಯಾರನ್ನಾದರೂ ಸೇರಿಸುವ ಮೊದಲು ಕೇಂದ್ರ ನೋಂದಣಿಯಾಗಿದೆಯೇ, ರಾತ್ರಿ ವೈದ್ಯರು ಅಥವಾ ದಾದಿ ಇರುತ್ತಾರೆಯೇ, ಮನೆಯವರು ಭೇಟಿಯಾಗಬಹುದೇ ಎಂದು ಕೇಳಲು ನಾಚಿಕೊಳ್ಳಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸರಕಾರದ ಉಚಿತ ಸಹಾಯವಾಣಿಯ ಸಂಖ್ಯೆ 14446.

ಮರಳುವಾಗ ರಾತ್ರಿ ರೈಲು. ಶೊರನೂರು ದಾಟುವಷ್ಟರಲ್ಲಿ ಬೆಳಕಾಗಿತ್ತು, ಭಾರತಪ್ಪುಳ ನದಿ ಹಳಿಯ ಪಕ್ಕದಲ್ಲೇ ಹರಿಯುತ್ತಿತ್ತು. ಹುಡುಗಿ ಎದುರು ಬಂದು ಕುಳಿತಳು. ಅಬ್ಬ ಹೇಗೆ ಸತ್ತರು ಎಂದು ಅವಳು ಕೇಳಲಿಲ್ಲ. "ಮಾಮಿ, ಅಬ್ಬನ ವಿಷಯದಲ್ಲಿ ನಿಮ್ಮ ಮನಸ್ಸಲ್ಲಿ ಏನೋ ಇದೆ" ಎಂದಳು, ಅಷ್ಟೇ. ಆಮೇಲೆ ಕಾದಳು. ನೋಟ್‌ಬುಕ್ ಚೀಲದಲ್ಲಿತ್ತು.

ತಿರೂರು ಹೋಯಿತು, ಕೋಝಿಕ್ಕೋಡು ಹೋಯಿತು. ಪುಡಿಯ ವಿಷಯ, ಬೀಗದ ವಿಷಯ, ಅವನು ಕುಡಿಯದ ದಿನಗಳಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೀನು ಮಾರುಕಟ್ಟೆಗೆ ಹೋಗುತ್ತಿದ್ದ ವಿಷಯ, ಎಲ್ಲ ಹೇಳಿದೆ. ಅವಳು ಒಂದೇ ಒಂದು ಸಲ ನಡುವೆ ಮಾತಾಡಿದಳು, ಅದೂ ಚಹಾದವನನ್ನು ಕರೆಯಲು. ಕಣ್ಣೂರಿನಲ್ಲಿ ಜನ ಹತ್ತಿದರು, ನಾವು ಸ್ವಲ್ಪ ಸರಿದು ಜಾಗ ಕೊಟ್ಟೆವು. ಸೋಮವಾರದಿಂದ ಅವಳ ಕೆಲಸ ಶುರು.