ಶೆಟ್ಟಿಹಳ್ಳಿಯ ಮುಳುಗಡೆ ಚರ್ಚು

ಯುವ ಮಿತ್ರರೇ, ಈ ರಜೆಯಲ್ಲಿ ಹಾಸನದ ಕಡೆ ಹೋದರೆ ಬೇಲೂರು, ಹಳೇಬೀಡು ನೋಡಿ ಹಾಗೇ ಹಿಂದಿರುಗಬೇಡಿ. ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಗೂ ಹೋಗಿಬನ್ನಿ. ಅಲ್ಲಿನ ರೋಸರಿ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದರು. ಚೂಪು ಕಮಾನುಗಳ ಗಾಥಿಕ್ ಶೈಲಿ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಜನ ಹೇಳುತ್ತಾರೆ.

ಗೊರೂರಿನಲ್ಲಿ (ಹೌದು, ನಿಮ್ಮ ತಂದೆತಾಯಿ ಓದಿ ನಕ್ಕ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರೇ!) 1979ರಲ್ಲಿ ಹೇಮಾವತಿ ಅಣೆಕಟ್ಟು ಮುಗಿಯಿತು. ಹಿನ್ನೀರು ಏರಿತು. ಶೆಟ್ಟಿಹಳ್ಳಿಯವರು ಮನೆ, ಹೊಲ ಬಿಟ್ಟು ಬೇರೆಡೆ ನೆಲೆಸಿದರು. ಚರ್ಚನ್ನು ಹೊತ್ತೊಯ್ಯಲಾದೀತೇ? ಅದು ಅಲ್ಲೇ ಉಳಿಯಿತು. ಅಂದಿನಿಂದ ಮಳೆಗಾಲದಲ್ಲಿ ನೀರಿಗಿಳಿಯುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ.

ಈಗ ಅದು ಫೋಟೋದವರ ಜಾಗ. ನೀವೂ ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ ಇಲ್ಲಿ ನೂರು ವರ್ಷ ಒಂದು ಊರಿನ ಮಕ್ಕಳಿಗೆ ಜ್ಞಾನಸ್ನಾನವಾಯಿತು, ಮದುವೆಗಳಾದವು. "ನಿಮ್ಮೂರು ಯಾವುದು?" ಎಂದು ಮುಂಬಯಿಯಲ್ಲಿ ಯಾರಾದರೂ ಕೇಳಿದರೆ ನಾವು ಹೆಸರು ಹೇಳಿ, ಬೇಕಾದರೆ ಕರೆದೊಯ್ದು ತೋರಿಸಬಹುದು. ಆ ಜನ ಹೆಸರು ಹೇಳಿ ನೀರನ್ನು ತೋರಿಸಬೇಕು.

ಬೇಸಿಗೆಯಲ್ಲಿ ನೀರು ತಗ್ಗಿದಾಗ ಚರ್ಚಿನವರೆಗೆ ನಡೆದೇ ಹೋಗಬಹುದು. ಗೋಡೆ ಹತ್ತಬೇಡಿ, ಹೆಸರು ಕೆತ್ತಬೇಡಿ. ಪ್ರತಿ ಮಳೆಗಾಲಕ್ಕೂ ಅದು ಇನ್ನಷ್ಟು ಸಡಿಲವಾಗುತ್ತಿದೆ.